ಡಿಜಿಟಲ್ ಆಡಳಿತ ಮತ್ತು ಸಾಮಾಜಿಕ ನ್ಯಾಯ: ಹೂಲಿ ಸೀಮೆಯಿಂದ ಕಾಣುವ ಕರ್ನಾಟಕ

ಸರ್ಕಾರದ ದಾಖಲೆ, ಸೇವೆ ಮತ್ತು ಸವಲತ್ತುಗಳು ಕಾಗದದಿಂದ ಗಣಕಜಾಲಕ್ಕೆ ಸಾಗುವುದನ್ನೂ, ಆ ಸಾಗಣೆಯ ಬೆನ್ನಿಗೇ ಕಚೇರಿಯ ಕೆಲಸದ ಕ್ರಮ ಹಾಗೂ ಅಧಿಕಾರದ ಹಂಚಿಕೆ ಬದಲಾಗುವುದನ್ನೂ ಡಿಜಿಟಲ್ ಪರಿವರ್ತನೆ ಎನ್ನುತ್ತಾರೆ. ಈ ಬದಲಾವಣೆಯ ಲಾಭ ಓದುಬರಹ ಬಲ್ಲವರಿಗೆ, ಫೋನು ಉಳ್ಳವರಿಗೆ, ಹೆಸರಿನಲ್ಲಿ ಜಮೀನು ಇದ್ದವರಿಗೆ ಮಾತ್ರ ಸೇರದೆ ಎಲ್ಲರಿಗೂ ದಕ್ಕುವಂತೆ ನೀತಿಯನ್ನು ರೂಪಿಸುವುದು ಒಳಗೊಳ್ಳುವಿಕೆ. ಇದನ್ನು ಸಾಮಾನ್ಯವಾಗಿ ಡಿಜಿಟಲ್ ಕಂದರದ, ಅಂದರೆ ಸಾಧನ ಮತ್ತು ಅಂತರಜಾಲ ಇರುವವರ ಹಾಗೂ ಇಲ್ಲದವರ ನಡುವಣ ಅಂತರದ ಪ್ರಶ್ನೆಯಾಗಿ ನೋಡಲಾಗುತ್ತದೆ. ಕರ್ನಾಟಕದ ಕಾಲು ಶತಮಾನದ ಅನುಭವವಾದರೋ ಇನ್ನೊಂದು ಅಂತರವನ್ನು ತೋರಿಸುತ್ತದೆ. ಗಣಕದಲ್ಲಿ ತನ್ನ ಬಗ್ಗೆ ಏನು ಬರೆದಿದೆ ಎಂಬುದನ್ನು ಓದಿ, ತಪ್ಪಿದ್ದರೆ ತಿದ್ದಿಸಬಲ್ಲವರು ಯಾರು, ತಿದ್ದಿಸಲಾರದೆ ಉಳಿಯುವವರು ಯಾರು ಎಂಬ ಈ ಅಂತರ ಫೋನು ಕೊಡಿಸಿದ ಮಾತ್ರಕ್ಕೆ ಮುಚ್ಚುವುದಿಲ್ಲ.

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹೂಲಿ ಮತ್ತು ಅದರ ಸುತ್ತಣ ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳು ಈ ವಿಷಯಕ್ಕೆ ವಿಶೇಷ ಪ್ರಯೋಗಶಾಲೆಯೇನೂ ಆಗಿರಲಿಲ್ಲ. ರಾಜ್ಯದ ಯೋಜನೆಗಳೆಲ್ಲ ಇಲ್ಲಿಗೂ ಬಂದವು, ಅಷ್ಟೆ. ಬಂದ ಯೋಜನೆ ಜನರ ಕೈಸೇರುವ ಬಗೆಯನ್ನು ಅರಿಯಲು ಇಂಥ ಸಾಧಾರಣ ಸೀಮೆಯೇ ತಕ್ಕುದು.

ದಾಖಲೆಯ ಪೂರ್ವಚರಿತ್ರೆ

ಶಾಸನಗಳಲ್ಲಿ ಪೂಲಿ ಎಂದು ಕಾಣಿಸಿಕೊಳ್ಳುವ ಹೂಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಹೆಸರಾದ ಅಗ್ರಹಾರ. ಊರಿನ ಸಾಸಿರ್ವರು ಮಹಾಜನರ ಸಮ್ಮುಖದಲ್ಲಿ ನಡೆದ ದಾನದತ್ತಿಗಳು ಕಲ್ಲಿನ ಮೇಲೆ ದಾಖಲಾದವು. ಪಂಚಲಿಂಗೇಶ್ವರ ಗುಡಿಯೂ ಇಲ್ಲಿನ ಶಾಸನಗಳೂ ಇಂದಿಗೂ ಇತಿಹಾಸಕಾರರನ್ನು ಸೆಳೆಯುತ್ತವೆ. ಕಲ್ಲಿನ ದಾಖಲೆ ಬಹಿರಂಗವಾಗಿರುತ್ತಿತ್ತು, ಸುಲಭಕ್ಕೆ ಅಳಿಸಿ ಹೋಗುತ್ತಿರಲಿಲ್ಲ. ಹಾಗೆಂದು ಅದನ್ನು ಸಮಾನತೆಯ ಮಾದರಿಯೆಂದು ಹೊಗಳುವಂತಿಲ್ಲ, ಏಕೆಂದರೆ ಬರೆಸಿದವರೂ ಓದಿದವರೂ ಊರಿನ ಒಂದು ಸಣ್ಣ ವರ್ಗದವರು. ಆ ನೆಲವನ್ನು ಉತ್ತವರ ಹೆಸರು ಕಲ್ಲಿಗೆ ಏರಿದ್ದು ಅಪರೂಪ. ಮುಂದೆ ದಾಖಲೆ ಕಲ್ಲಿನಿಂದ ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯ ದಫ್ತರಕ್ಕೆ ಇಳಿಯಿತು. ವಂಶಪಾರಂಪರ್ಯ ಗ್ರಾಮಾಧಿಕಾರಗಳು ರದ್ದಾದ ಬಳಿಕ ಅದು ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನ, ಈ ಸೀಮೆಯವರ ಮಾತಿನಲ್ಲಿ ತಲಾಟಿಯ, ಕೈಗೆ ಬಂತು. ದಕ್ಷಿಣದವರು ಪಹಣಿ ಎಂದು ಕರೆಯುವ ಹಕ್ಕು, ಗೇಣಿ ಮತ್ತು ಪಹಣಿ ಪತ್ರವನ್ನು ಇಲ್ಲಿ ಉತಾರ ಎನ್ನುತ್ತಾರೆ. ತಲಾಟಿ ಸಿಕ್ಕರೆ ಉತಾರ, ಸಿಗದಿದ್ದರೆ ಇಲ್ಲ ಎಂಬುದೇ ದಶಕಗಳ ಕಾಲ ಇದ್ದ ವ್ಯವಸ್ಥೆ.

ಭೂಮಿ ಯೋಜನೆ

ಈ ಅವಲಂಬನೆಯನ್ನು ಮುರಿದದ್ದು ಕಂದಾಯ ಇಲಾಖೆಯ ಭೂಮಿ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೊಣೆಗಾರಿಕೆಯಲ್ಲಿ, ಸುಮಾರು 9,000 ಗ್ರಾಮಲೆಕ್ಕಿಗರ ಬಳಿಯಿದ್ದ ಕೈಬರಹದ ಪುಸ್ತಕಗಳಿಂದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಅಚ್ಚಾದ ಉತಾರ ದೊರೆಯತೊಡಗಿತು, ಕೈಬರಹದ ಪ್ರತಿಯ ಮಾನ್ಯತೆ ರದ್ದಾಯಿತು. ಹಿಂದಿನ ಅಧಿಕೃತ ಶುಲ್ಕ 2 ರೂಪಾಯಿಯಾದರೂ ಅಷ್ಟಕ್ಕೆ ಪಡೆದವರು ಕಡಿಮೆಯಾದ್ದರಿಂದ ಈ ಏರಿಕೆಗೆ ಗೊಣಗಿದವರೂ ಕಡಿಮೆ. ಜಮೀನಿನ ಒಡೆತನ ಬದಲಾದಾಗ ದಾಖಲೆಯನ್ನು ಬದಲಿಸುವ ಹಕ್ಕು ಬದಲಾವಣೆಯ, ಅಂದರೆ ಮ್ಯುಟೇಶನ್ನಿನ, ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟುಮಾಡಿತು. ದಾಖಲೆ ತೆರೆಯುವ ಸಿಬ್ಬಂದಿ ಬೆರಳಚ್ಚು ಒತ್ತಬೇಕಾದ್ದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ಉಳಿಯತೊಡಗಿತು. ಇದು ದೊಡ್ಡ ಸಾಧನೆ, ಇದನ್ನು ಕಿರಿದುಮಾಡುವ ಟೀಕೆಗಳು ಹಿಂದಿನ ಸ್ಥಿತಿಯನ್ನು ಮರೆತಿರುತ್ತವೆ.

ಆದರೆ ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿಯಿತು. ಗುರುತಿನ ತಲಾಟಿಯೊಡನೆ ಜಗಳವಾಡಿಯಾದರೂ ನಡೆಯುತ್ತಿದ್ದ ತಿದ್ದುಪಡಿ ಈಗ ಸವದತ್ತಿಯ ತಹಶೀಲ್ದಾರರ ಕಚೇರಿಯ ಕಡತವಾಯಿತು. ಮೇಲ್ಮನವಿಯೆಂದರೆ ಬೈಲಹೊಂಗಲದ ಉಪವಿಭಾಗಾಧಿಕಾರಿಯ, ಜನರ ಬಾಯಲ್ಲಿ ಎಸಿ ಸಾಹೇಬರ, ಕಚೇರಿಯ ತಾರೀಖುಗಳು. ರಾಮದುರ್ಗದ ಅಂಚಿನ ಹಳ್ಳಿಯ ಕೂಲಿಯವನಿಗೆ ಒಂದೊಂದು ತಾರೀಖೂ ಒಂದು ದಿನದ ಪಗಾರ ಮತ್ತು ಬಸ್ಸಿನ ಖರ್ಚು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಸುತ್ತಣ ಜಮೀನು ವ್ಯವಹಾರಗಳನ್ನು ಮುಂದಿಟ್ಟು, ದಾಖಲೆಗಳ ಈ ಕೇಂದ್ರೀಕರಣವು ದೊಡ್ಡ ಖರೀದಿದಾರರಿಗೆ ಅನುಕೂಲವಾಗಿ ಸಣ್ಣ ಹಿಡುವಳಿದಾರರನ್ನು ದುರ್ಬಲಗೊಳಿಸಿತು ಎಂದು ವಾದಿಸಿತು. ಆ ನಿಲುವನ್ನು ಈ ಸೀಮೆಯ ಮಲಪ್ರಭಾ ನದಿಯ ಕೊಳ್ಳಕ್ಕೆ ಹಾಗೆಯೇ ಹೊಂದಿಸುವುದು ಸರಿಯಲ್ಲ, ಇಲ್ಲಿ ಬೆಂಗಳೂರಿನಂಥ ಭೂಮಾರುಕಟ್ಟೆಯೇ ಇರಲಿಲ್ಲ. ಆದರೂ ದಾಖಲೆಯನ್ನು ಓದುವುದು ಅಗ್ಗವಾಗಿ ತಿದ್ದಿಸುವುದು ದುಬಾರಿಯಾಯಿತು ಎಂಬ ಅದರ ಒಳತಿರುಳು ಎಲ್ಲೆಡೆಗೂ ಸಲ್ಲುತ್ತದೆ.

ಉತಾರದಲ್ಲಿ ಕಾಣದವರು

ಗಣಕಕ್ಕೆ ಏರಿದ್ದು ಹಳೆಯ ಪುಸ್ತಕಗಳಾದ್ದರಿಂದ ಹಳೆಯ ಪುಸ್ತಕದಲ್ಲಿ ಇಲ್ಲದವರು ಗಣಕದಲ್ಲೂ ಇಲ್ಲವಾದರು. ಇವರಲ್ಲಿ ಮೊದಲಿಗರು ಪರರ ಹೊಲ ಮಾಡುವವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿ, ಮುಂದೆ ಗೇಣಿ ಪದ್ಧತಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ನ್ಯಾಯಕ್ಕಾಗಿ ಬಂದ ಈ ನಿಷೇಧದ ಒಂದು ಅಡ್ಡಪರಿಣಾಮವೆಂದರೆ, ಇಂದು ಲಾವಣಿಗೋ ಕೋರಿಗೋ ಹೊಲ ಹಿಡಿದು ಹತ್ತಿ, ಗೋವಿನಜೋಳ ಬೆಳೆಯುವವನ ಒಪ್ಪಂದ ಬಾಯಿಮಾತಿನದಾಗಿಯೇ ಉಳಿಯಬೇಕು. ಲಾವಣಿ ಎಂದರೆ ಗೊತ್ತಾದ ಹಣಕ್ಕೆ, ಕೋರು ಎಂದರೆ ಬೆಳೆಯ ಪಾಲಿಗೆ ಹೊಲ ಹಿಡಿಯುವುದು. ರೈತರ ನೋಂದಣಿಗಾಗಿ ರಾಜ್ಯ ರೂಪಿಸಿದ ಫ್ರೂಟ್ಸ್ ತಂತ್ರಾಂಶ ಭೂಮಿಯ ದತ್ತಾಂಶವನ್ನು ಆಧರಿಸಿ ಪ್ರತಿ ರೈತನಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. 2023ರ ಬರಗಾಲದ ಬೆಳೆನಷ್ಟಕ್ಕೆ ಮೊದಲ ಕಂತಾಗಿ 2,000 ರೂಪಾಯಿಯವರೆಗಿನ ಪರಿಹಾರವನ್ನು ಈ ಸಂಖ್ಯೆಯ ಮೂಲಕವೇ ಬ್ಯಾಂಕ್ ಖಾತೆಗೆ ಜಮಾ ಮಾಡಲಾಯಿತು. ಮಧ್ಯವರ್ತಿ ಇಲ್ಲದೆ ಹಣ ಮುಟ್ಟಿತು ನಿಜ, ಮುಟ್ಟಿದ್ದು ಹೊಲದೊಡೆಯನಿಗೆ. ಬೆಳೆ ಒಣಗಿದ್ದು ಯಾರದೆಂಬುದನ್ನು ಕೇಳುವ ಕಲಮೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಹೆಣ್ಣುಮಕ್ಕಳ ಸ್ಥಿತಿ ಬೇರೆ ಬಗೆಯದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ, ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಗಿಂತ 11 ವರ್ಷ ಮೊದಲೇ, ತಂದಿತು. ಆದರೆ ಅಜ್ಜನ ಹೆಸರೇ ಉತಾರದಲ್ಲಿ ಮುಂದುವರಿದು, ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ವರ್ಗಾಯಿಸುವ ಪೌತಿ ಖಾತೆ ಆಗದೆ ಉಳಿದ ಮನೆತನಗಳಲ್ಲಿ ಆ ಹಕ್ಕು ಕಾಗದದಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ವಿಧವೆಯಾದ ಸೊಸೆ ಬೆಳೆಸಾಲಕ್ಕೆ ಸೊಸೈಟಿಗೆ ಹೋದಾಗಲೇ ಇದರ ಅರಿವಾಗುವುದು.

ಹೆಸರಿನ ತೊಡಕು ಚಿಕ್ಕದೆಂದು ಕಂಡರೂ ಚಿಕ್ಕದಲ್ಲ. ಈ ಸೀಮೆಯಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮವಿದ್ದು, ಅಡ್ಡಹೆಸರು ಎಷ್ಟೋ ಸಲ ಊರಿನದೇ ಆಗಿರುತ್ತದೆ. ಹೂಲಿಯವರ ಅಡ್ಡಹೆಸರು ‘ಹೂಲಿ’ ಎಂದಿದ್ದರೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಗುಮಾಸ್ತ ಎರಡು ‘ಒ’ ಹಾಕಿ ಬರೆದಾನು, ಇನ್ನೊಬ್ಬ ‘ಯು’ ಹಾಕಿ ಬರೆದಾನು. ಕನ್ನಡದಲ್ಲಿ ಒಂದೇ ಆಗಿದ್ದ ಮನುಷ್ಯ ಆಧಾರ್ ಮತ್ತು ಬ್ಯಾಂಕ್ ಪುಸ್ತಕಗಳ ನಡುವೆ ಇಬ್ಬರಾಗುತ್ತಾನೆ. ಯಲ್ಲವ್ವ ಒಂದೆಡೆ ಎಲ್ಲಮ್ಮನಾಗಿ, ಮತ್ತೊಂದೆಡೆ ತವರಿನ ಅಡ್ಡಹೆಸರಿನಲ್ಲೇ ಉಳಿದಿದ್ದರೆ ಹೊಂದಾಣಿಕೆಯ ತಂತ್ರಾಂಶ ಅವಳನ್ನು ಒಪ್ಪುವುದಿಲ್ಲ. ಮೂಲ ದಾಖಲೆ ಕನ್ನಡದಲ್ಲಿದ್ದು ಹೋಲಿಕೆ ಇಂಗ್ಲಿಷಿನಲ್ಲಿ ನಡೆಯುವವರೆಗೆ ಈ ತಪ್ಪಿಗೆ ಕೊನೆಯಿಲ್ಲ. ಸರ್ಕಾರಿ ಗಣಕಗಳಲ್ಲಿ ಕನ್ನಡ ತಾನೇ ಬಹುಕಾಲ ಒಂದು ತಂತ್ರಾಂಶದಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ತೆರೆಯದಂತಿತ್ತು. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯುನಿಕೋಡ್ ಅಕ್ಷರಸಂಕೇತವನ್ನು ರಾಜ್ಯ ಅಧಿಕೃತವಾಗಿ ಒಪ್ಪಿದ್ದು 2012ರಲ್ಲಿ.

ಸೇವಾ ಕೇಂದ್ರಗಳು

ಗಣಕ ಬಳಸಲು ಬಾರದವರಿಗೆ ನಡುವೆ ನಿಂತು ಅರ್ಜಿ ತುಂಬಿಕೊಡುವ ಕೇಂದ್ರಗಳನ್ನು ರಾಜ್ಯ ಹಲವು ಹೆಸರುಗಳಲ್ಲಿ ನಡೆಸಿದೆ. 2006ರಲ್ಲಿ ಖಾಸಗಿ ಸಹಭಾಗಿತ್ವದ ಸುಮಾರು 800 ನೆಮ್ಮದಿ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಬಂದವು. ಸರ್ಕಾರ ಅವನ್ನು ವಾಪಸು ಪಡೆದು ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನಾಗಿಸಿತು. 2022ರ ಜನವರಿ 26ರಂದು 12 ಜಿಲ್ಲೆಗಳಲ್ಲಿ ವಿಸ್ತರಿಸಿದ ಗ್ರಾಮ ಒನ್ ಕೇಂದ್ರಗಳು ಸೇವೆಯನ್ನು ಪಂಚಾಯಿತಿಯ ಊರಿಗೇ ತಂದವು. ಇವುಗಳ ನಡುವೆ 2012ರ ಏಪ್ರಿಲ್ 2ರಂದು ಜಾರಿಯಾದ ಸಕಾಲ ಕಾನೂನು ಭಿನ್ನವಾದುದು, ಏಕೆಂದರೆ ಅದು ಯಂತ್ರವನ್ನಲ್ಲ, ಹೊಣೆಯನ್ನು ಕೊಟ್ಟಿತು: ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಮೊತ್ತ ಅಲ್ಪವೇ, ತಡವಾದದ್ದು ಅಧಿಕಾರಿಯ ತಪ್ಪು ಎಂದು ಕಾನೂನೇ ಒಪ್ಪಿದ್ದು ದೊಡ್ಡದು. ಆದರೆ ಸಕಾಲದ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕೃತವಾದ ಮೇಲೆ. ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂದು ವಾಪಸು ಬಂದವರ ದಿನಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಹೆಬ್ಬೆಟ್ಟು ಮತ್ತು ಅನ್ನ

ನ್ಯಾಯಬೆಲೆ ಅಂಗಡಿಯ ಯಂತ್ರ ಬೆರಳ ಗೆರೆಗಳನ್ನು ಆಧಾರ್ ದತ್ತಾಂಶದೊಡನೆ ಹೋಲಿಸಿ ಗುರುತು ದೃಢೀಕರಿಸುತ್ತದೆ. ಹತ್ತಿ ಬಿಡಿಸಿ, ಕಲ್ಲು ಒಡೆದು, ಮಗ್ಗ ನೇಯ್ದು ಗೆರೆ ಸವೆದವರ, ವಯಸ್ಸಾದವರ ‘ಥಂಬ್’ ಯಂತ್ರಕ್ಕೆ ಬರುವುದಿಲ್ಲ. ಹಿಂದೆ ಹೆಬ್ಬೆಟ್ಟು ಓದುಬರಹ ಬಾರದವನ ಸಹಿಯಾಗಿತ್ತು. ಈಗ ಅದೇ ಹೆಬ್ಬೆಟ್ಟಿಗೂ ಪರೀಕ್ಷೆ. 2017ರ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದು ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಾಗ, ಆಧಾರ್ ಜೋಡಣೆಯಾಗದೆ ಆ ಮನೆಯ ಪಡಿತರ ನಿಂತುಹೋಗಿತ್ತೆಂದು ಮಾನವಹಕ್ಕು ಸಂಘಟನೆಯಾದ ಪಿಯುಸಿಎಲ್‌ನ ಸತ್ಯಶೋಧನೆ ಹೇಳಿತು. ಅವು ಹಸಿವಿನ ಸಾವುಗಳೆಂಬುದನ್ನು ಆಡಳಿತ ಒಪ್ಪಲಿಲ್ಲ. ಆಧಾರನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿದರೂ, ದೃಢೀಕರಣ ವಿಫಲವಾದ ಕಾರಣಕ್ಕೆ ಅರ್ಹರು ವಂಚಿತರಾಗಬಾರದು ಎಂದಿತು. ಬದಲಿ ವ್ಯವಸ್ಥೆಯ ಸೂಚನೆಗಳು ಕಾಗದದ ಮೇಲೆ ಇವೆ. ಅಂಗಡಿಯ ಸಾಲಿನಲ್ಲಿ ನಿಂತ ಮುದುಕಿಗೆ ಅವು ಗೊತ್ತಿರುವುದು ಕಡಿಮೆ, ಅಂಗಡಿಯವನಿಗೆ ಹೇಳುವ ಉತ್ಸಾಹವೂ ಕಡಿಮೆ.

ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ಎಲ್ಲ ಸ್ಥಳಗಳಲ್ಲೂ ದಿನಕ್ಕೆರಡು ಬಾರಿ ಮೊಬೈಲ್ ಆ್ಯಪಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಕರ್ನಾಟಕದಲ್ಲಿ ಕಾಯಕಬಂಧು ಎಂದು ಕರೆಯುವ ಗುಂಪಿನ ಮುಂದಾಳಿನ ಬಳಿ ಸ್ಮಾರ್ಟ್‌ಫೋನು ಇರಬೇಕು, ಕೆರೆಯಂಗಳದಲ್ಲಿ ನೆಟ್‌ವರ್ಕ್ ಸಿಗಬೇಕು. ಬೆಳಗಿನ ಫೋಟೊ ಏರದಿದ್ದರೆ ದಿನವಿಡೀ ಮಣ್ಣು ಹೊತ್ತವರ ಕೂಲಿಗೇ ಕುತ್ತು. ಬೆಳಗಾವಿ ಜಿಲ್ಲೆಯಲ್ಲೂ ಬೇರುಬಿಟ್ಟಿರುವ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥ ಸಂಘಗಳು ದನಿಯೆತ್ತಿದ ವಿಷಯವಿದು. ಮೋಸ ತಡೆಯಲೆಂದು ಬಂದ ಈ ವ್ಯವಸ್ಥೆಯಲ್ಲಿ ಫೋಟೊದ ಫೋಟೊ ತೆಗೆದು ಹಾಕುವಂಥ ಮೋಸಗಳು ನಡೆದಿವೆಯೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಪಟ್ಟಿಮಾಡಿತು.

ಮನೆಯ ಯಜಮಾನಿ

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಒಂದು ಕೋಟಿಗೂ ಮಿಕ್ಕ ಹೆಣ್ಣುಮಕ್ಕಳಿಗೆ ಅವರದೇ ಹೆಸರಿನಲ್ಲಿ ಹಣ ತಲುಪಿಸುವುದು ಗಣಕಜಾಲವಿಲ್ಲದೆ ಆಗದ ಕೆಲಸ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಎಂದಾದರೂ ಅಂತರಜಾಲ ಬಳಸಿದ ಗಂಡಸರು ಶೇ 62.4, ಹೆಂಗಸರು ಶೇ 35. ಅಷ್ಟು ಹಿಂದುಳಿದವರಿಗೆ ಹಣ ಮುಟ್ಟಿದ್ದು ಗ್ರಾಮ ಒನ್ ಮತ್ತು ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಗಳಲ್ಲಿ ಕುಳಿತ ಮನುಷ್ಯರಿಂದ. ತೊಡಕು ಕಾಣಿಸಿದ್ದು ಪಡಿತರ ಚೀಟಿಯಲ್ಲಿ ಗಂಡನೋ ಮಗನೋ ಮುಖ್ಯಸ್ಥನಾಗಿದ್ದ ಮನೆಗಳಲ್ಲಿ. ಚೀಟಿ ತಿದ್ದಲು ಆ ವರ್ಷ ವಿಭಾಗವಾರು ಕೆಲವೇ ದಿನಗಳ ಅವಕಾಶ ಕೊಟ್ಟಾಗ ಅರ್ಜಿಗಳು ಒಟ್ಟಿಗೆ ನುಗ್ಗಿ ಸರ್ವರ್ ಕುಸಿಯಿತು. ದಾಖಲೆ ವರ್ಷವಿಡೀ ಜಾರಿಯಲ್ಲಿರುವಾಗ ತಿದ್ದುಪಡಿಯ ಕಿಟಕಿ ಮಾತ್ರ ಮೂರು ದಿನ ತೆರೆದಿರುವುದಕ್ಕೆ ತಾಂತ್ರಿಕ ಕಾರಣಗಳಿರಬಹುದು, ನ್ಯಾಯದ ಕಾರಣವಂತೂ ಇಲ್ಲ.

ಕಿಟಕಿ ಮುಚ್ಚುವ ಈ ಅನುಭವ ರಾಮದುರ್ಗಕ್ಕೆ ಮೊದಲೇ ಆಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ಮುಳುಗಿದಾಗ, ಬಿದ್ದ ಮನೆಗಳನ್ನು ಹಾನಿಯ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸಿ ತಂತ್ರಾಂಶದಲ್ಲಿ ದಾಖಲಿಸಲಾಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಹಾನಿಯ ಸಿ ವರ್ಗಕ್ಕೆ 50 ಸಾವಿರ ರೂಪಾಯಿ. ಒಂದು ಅಕ್ಷರದ ಅಂತರ ಒಂದು ಮನೆಯ ಅಂತರವಾಯಿತು. ಮಣ್ಣಿನ ಗೋಡೆ ನೀರಿಳಿದ ವಾರಗಳ ನಂತರ ಕುಸಿಯುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಸಮೀಕ್ಷೆಯ ದಿನ ನಿಂತಿದ್ದ ಗೋಡೆ ಆಮೇಲೆ ಬಿದ್ದಾಗ ಅದನ್ನು ಸೇರಿಸಲು ದಾರಿ ಕಾಣದೆ ಜನ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು.

ತಂದೆಯ ಹೆಸರಿನ ಕಲಮು

ಸವದತ್ತಿಯ ಎಲ್ಲಮ್ಮನ ಗುಡ್ಡದೊಡನೆ ಹೆಸರು ತಳುಕುಹಾಕಿಕೊಂಡ ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಪುನರ್ವಸತಿಗಾಗಿ 1993–94ರಲ್ಲಿ ಮತ್ತು 2007–08ರಲ್ಲಿ ನಡೆದ ಸಮೀಕ್ಷೆಗಳು ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು, ಮಾಸಾಶನ ಹಾಗೂ ಮನೆಯ ಸವಲತ್ತುಗಳಿಗೆ ಆ ಪಟ್ಟಿಯೇ ಆಧಾರವಾಯಿತು. ಸಮೀಕ್ಷೆಯ ದಿನ ದುಡಿಯಲು ಗೋವೆಗೋ ಪುಣೆಗೋ ಹೋಗಿದ್ದವರು, ನಾಚಿಕೆಗೆ ಹೆಸರು ಹೇಳದವರು ಹೊರಗುಳಿದರು. ಅವರ ಮಕ್ಕಳನ್ನು ಕಾಡಿದ್ದು ಇನ್ನೊಂದು ಸಂಗತಿ. ಕಾಗದದ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟರೆ ಗುಮಾಸ್ತ ಗದರಿಸಿಯೋ ಮರುಗಿಯೋ ತೆಗೆದುಕೊಳ್ಳಬಹುದಿತ್ತು. ಕಡ್ಡಾಯವೆಂದು ಗುರುತಿಸಿದ ಕಲಮು ತುಂಬದಿದ್ದರೆ ಆನ್‌ಲೈನ್ ಅರ್ಜಿ ಮುಂದಿನ ಪುಟಕ್ಕೇ ಹೋಗದು. ತಂತ್ರಾಂಶ ಬರೆದವನಿಗೆ ದ್ವೇಷವಿರಲಿಲ್ಲ, ಅವನ ಕಣ್ಣಮುಂದಿದ್ದ ಕುಟುಂಬದ ಚಿತ್ರ ಒಂದೇ ಆಗಿತ್ತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ಹಕ್ಕುಗಳನ್ನೂ, ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯದಿಂದ ಬಿಡುಗಡೆಯನ್ನೂ ಎತ್ತಿಕೊಂಡಿತು.

ಅಂಗವಿಕಲರ ವಿಷಯದಲ್ಲಿ ಇದೇ ಬಗೆಯ ಮಾತನ್ನು ನ್ಯಾಯಾಲಯ ಹೇಳಿತು. ಕಣ್ಣು ಮಿಟುಕಿಸಿ ಗುರುತು ತೋರಿಸಬೇಕೆಂಬ ಬ್ಯಾಂಕಿಂಗ್ ಕ್ರಮ ಆ್ಯಸಿಡ್ ದಾಳಿಗೊಳಗಾದವರಿಗೆ ಅಸಾಧ್ಯವೆಂದು ಸಲ್ಲಿಸಿದ ಅರ್ಜಿಯಲ್ಲಿ, 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯ ಡಿಜಿಟಲ್ ಪ್ರವೇಶವು ಬದುಕುವ ಹಕ್ಕಿನ ಅಂಗವೆಂದು ಸಾರಿತು. ಶಾಲೆಗಳ ಮಟ್ಟಿಗೆ, 2020ರ ಕೋವಿಡ್ ಕಾಲದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನು ಫೋನು ಇಲ್ಲದವರು, ಸಾದಾ ಫೋನಿನವರು, ಸ್ಮಾರ್ಟ್‌ಫೋನಿನವರು ಎಂದು ಗುಂಪುಮಾಡಿ ಶಿಕ್ಷಕರನ್ನೇ ಗುಡಿಯ ಕಟ್ಟೆಗೆ, ಮರದಡಿಗೆ ಕಳಿಸಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತರೂ, ಸಾಧನವಿಲ್ಲದವರಿಂದ ಯೋಜನೆಯನ್ನು ಆರಂಭಿಸಿದ ವಿರಳ ನಿದರ್ಶನವಾಗಿ ಉಳಿದಿದೆ.

ತಿದ್ದುಪಡಿಯ ದಾರಿಗಳು

ಗಣಕದ ತಪ್ಪನ್ನು ತಿದ್ದಿಸಲಾಗದಿರುವುದು ಬಡ ದೇಶಗಳಿಗಷ್ಟೇ ಸೀಮಿತವಾದ ಸಮಸ್ಯೆಯಲ್ಲ. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಪಾಲಕರನ್ನು ವಂಚಕರೆಂದು ತಪ್ಪಾಗಿ ಗುರುತಿಸಿ ಹಣ ವಾಪಸು ಕೇಳಿದ್ದು ಬಯಲಾಗಿ, 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್ 2019ರಲ್ಲಿಯೇ ಡಿಜಿಟಲ್ ಕಲ್ಯಾಣರಾಜ್ಯ ಬಡವರ ಮೇಲಿನ ನಿಗಾವಣೆಯಾಗುವ ಅಪಾಯವನ್ನು ವಿವರಿಸಿದ್ದರು. ಭಾರತದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ತನ್ನ ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಆದರೆ ಆ ಹಕ್ಕು ಸಮ್ಮತಿಯ ಮೇಲೆ ಪಡೆದ ದತ್ತಾಂಶಕ್ಕೆ ಕಟ್ಟಿಕೊಂಡಿದ್ದು, ಸವಲತ್ತಿಗಾಗಿ ಸರ್ಕಾರ ತಾನೇ ಬಳಸುವ ದತ್ತಾಂಶಕ್ಕೆ ಬಂದಾಗ ಸಡಿಲವಾಗುತ್ತದೆ. ಹೆಚ್ಚು ಬೇಕಾದಲ್ಲಿಯೇ ಅದು ಕಡಿಮೆಯಿದೆ. ಇದಕ್ಕೆ ಹೋಲಿಸಿದರೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾನೂನು, ಆ್ಯಪಿನ ಮೂಲಕ ದುಡಿಯುವವರಿಗೆ ಕೆಲಸ ಮತ್ತು ಗಳಿಕೆಯನ್ನು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಮಾಹಿತಿ ಕೇಳುವ ದಾರಿ ತೆರೆದು, ಖಾಸಗಿ ಕಂಪನಿಗಳಿಗೆ ಸರ್ಕಾರ ತನಗೆ ತಾನೇ ಹಾಕಿಕೊಂಡಿದ್ದಕ್ಕಿಂತ ಬಿಗಿಯಾದ ಕಟ್ಟು ಹಾಕಿದೆ.

ರಾಜ್ಯದೊಳಗೇ ಉತ್ತಮ ಮಾದರಿಗಳಿಲ್ಲದಿಲ್ಲ. ರಾಜಸ್ಥಾನದ ಜನ ಸೂಚನಾ ಜಾಲತಾಣದ ಹಾದಿಯಲ್ಲಿ ಬಂದ ಮಾಹಿತಿ ಕಣಜ, ಯಾವ ಊರಿನಲ್ಲಿ ಯಾರಿಗೆ ಯಾವ ಸವಲತ್ತು ಸಂದಿತು ಎಂಬುದನ್ನು ಅರ್ಜಿ ಹಾಕದೆಯೇ ನೋಡಲು ಬಿಡುತ್ತದೆ. ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಗಣಕ, ಅಂತರಜಾಲ ಪಡೆದಿರುವುದರಿಂದ ಅದನ್ನು ಓದಿ ಹೇಳುವ ಒಂದು ಜಾಗವೂ ಊರಿನಲ್ಲಿದೆ. ಇವೆಲ್ಲಕ್ಕಿಂತ ಕುತೂಹಲದ್ದು ಬೆಳೆ ಸಮೀಕ್ಷೆಯ ಏರ್ಪಾಟು. ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೇ ಬೆಳೆವಿಮೆಗೆ, ಬೆಂಬಲ ಬೆಲೆಯ ಖರೀದಿಗೆ, ನಷ್ಟ ಪರಿಹಾರಕ್ಕೆ ಆಧಾರ. ಹತ್ತಿ ಇದ್ದ ಹೊಲಕ್ಕೆ ಗೋವಿನಜೋಳ ನಮೂದಾದರೆ ರೈತ ಬೆಳೆ ದರ್ಶಕ ಎಂಬ ಆ್ಯಪಿನಲ್ಲಿ ತನ್ನ ಸರ್ವೆ ನಂಬರಿನ ಫೋಟೊ ಸಹಿತ ವಿವರ ನೋಡಿ, ಆಕ್ಷೇಪಣೆ ಸಲ್ಲಿಸಬಹುದು; ಅಧಿಕಾರಿ ಅದನ್ನು ಪರಿಶೀಲಿಸಬೇಕು. ಉತಾರಕ್ಕೂ ಪಡಿತರ ಚೀಟಿಗೂ ಇಲ್ಲದ ಈ ಸೌಕರ್ಯ ಒಂದು ಹಂಗಾಮಿನ ಬೆಳೆಗೆ ದೊರೆತಿದೆ. ಹೂಲಿಯ ಕೋರಿನ ರೈತ ಆ ಆ್ಯಪಿನಲ್ಲಿ ತಾನು ಬೆಳೆದ ಹತ್ತಿಯ ಚಿತ್ರವನ್ನು ಕಾಣಬಲ್ಲ, ಅದರ ಮೇಲೆ ಇರುವ ಹೆಸರು ಮಾತ್ರ ಹೊಲದೊಡೆಯನದು.